ಶೇಕಡಾ ನೂರಕ್ಕೆ ಒಂದು ಯಂತ್ರ ಕಡಿಮೆ

ಪ್ರಧಾನ ಕಚೇರಿಯಿಂದ ಸುತ್ತೋಲೆ ಬಂದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಅದನ್ನು ವಿರೋಧಿಸಿ ಒಂದು ಟಿಪ್ಪಣಿ ಬರೆದದ್ದು. ಆಗ ನಾನು ನಮ್ಮ ಬ್ಯಾಂಕಿನ ನಾಸಿಕ್ ವಲಯ ಕಚೇರಿಯಲ್ಲಿ ಕಂಪ್ಯೂಟರ್ ವಿಭಾಗದ ಅಧಿಕಾರಿ. ಶಾಖೆಗಳ ಕಂಪ್ಯೂಟರುಗಳೆಲ್ಲ ಹಳೆಯ ವಿಂಡೋಸ್ ಮೇಲೆ ಓಡುತ್ತಿದ್ದವು. ಆ ಆವೃತ್ತಿಯನ್ನು ಇನ್ನು ಮುಂದೆ ದುರಸ್ತಿ ಮಾಡಿಕೊಡುವುದಿಲ್ಲ ಎಂದು ಅದನ್ನು ಮಾಡಿದ ಕಂಪನಿಯೇ ಕೈತೊಳೆದುಕೊಂಡಿತ್ತು. ಹೊಸ ಆವೃತ್ತಿಗೆ ಹೋಗಬೇಕೆಂದರೆ ಯಂತ್ರಕ್ಕೊಂದು ಪರವಾನಗಿ ಕೊಳ್ಳಬೇಕು. ಅದು ಬೇಡ, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ, ಒಳಗಿನ ಬರಹವನ್ನು ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಲಿನಕ್ಸ್ ಹಾಕಿ ಎಂದು ಸುತ್ತೋಲೆ ಹೇಳುತ್ತಿತ್ತು. ಮೊದಲ ಹಂತದಲ್ಲಿ ನಮ್ಮ ವಲಯದ ಕೆಲವೇ ಶಾಖೆಗಳು. ಲಾಸಲಗಾಂವ್, ಖುಲ್ತಾಬಾದ್, ಸಿಲ್ಲೋಡ್, ಕೊನೆಗೆ ಈಗ ಛತ್ರಪತಿ ಸಂಭಾಜಿನಗರ ಎನ್ನುವ, ಆಗ ಎಲ್ಲರೂ ಔರಂಗಾಬಾದ್ ಎನ್ನುತ್ತಿದ್ದ ಊರಿನ ಮುಖ್ಯ ಶಾಖೆ.

ನಾನು ಹುಟ್ಟಾ ಚಿಂತೆಗಾರ. ಮನೆಗೆ ಬೀಗ ಹಾಕಿ ಗೇಟಿನವರೆಗೆ ಬಂದು ಮತ್ತೆ ಹೋಗಿ ಬೀಗ ಜಗ್ಗಿ ನೋಡುವ ಜಾತಿ. ಹಾಗಾಗಿ ನನ್ನ ಟಿಪ್ಪಣಿಯಲ್ಲಿ ಪ್ರಿಂಟರು ಕೈಕೊಡಬಹುದು, ಮರಾಠಿ ಅಕ್ಷರಗಳು ಚೌಕಗಳಾಗಿ ಕಾಣಬಹುದು, ಸಿಬ್ಬಂದಿ ಸಂಘದವರು ಗಲಾಟೆ ಮಾಡಬಹುದು ಎಂದು ಆಗಬಹುದಾದ ಕೇಡುಗಳೆಲ್ಲ ಸಾಲಾಗಿ ನಿಂತಿದ್ದವು. ವಲಯ ವ್ಯವಸ್ಥಾಪಕರು ಅದನ್ನು ಪೂರ್ತಿ ಓದಿದರು. ಅವರು ಏನನ್ನೂ ಪೂರ್ತಿ ಓದುವವರಲ್ಲ, ಆದ್ದರಿಂದ ನನಗೆ ಆಗಲೇ ಅನುಮಾನ ಬರಬೇಕಿತ್ತು. ಓದಿ ಮುಗಿಸಿ ಹಿಂದಿಯಲ್ಲಿ ಹೇಳಿದರು: "ಏನೇನು ಕೆಡಬಹುದು ಅಂತ ಈ ವಲಯದಲ್ಲಿ ಗೊತ್ತಿರೋದು ನಿಮಗೊಬ್ಬರಿಗೇ. ಹಾಗಾದರೆ ಈ ಕೆಲಸ ನಿಮ್ಮದೇ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಬಾಗಲಕೋಟೆಯಿಂದ ನನ್ನ ಜೊತೆ ವರ್ಗಾವಣೆಯ ಮೇಲೆ ವರ್ಗಾವಣೆ ತಿರುಗಿದವಳು ಅವಳು. "ಬರದು ಬರದು ಮೈಮ್ಯಾಲ ಹಾಕ್ಕೊಳ್ಳೂದು ನಿಮಗ ಹೊಸಾದೇನ್ರಿ?" ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ನನಗೆ ಕೊಟ್ಟ ಸಹಾಯವೆಂದರೆ ಗುತ್ತಿಗೆಯ ಮೇಲೆ ಬಂದ ಒಬ್ಬ ಇಂಜಿನಿಯರ್ ಹೆಣ್ಣುಮಗಳು. ಮೂವತ್ತರ ಆಸುಪಾಸು. ನಾಸಿಕಿನಲ್ಲಿ ಅವರ ತಂದೆಯದು ಶಾಕಾಹಾರಿ ಹೋಟೆಲು. ಮೂಲ ಕುಂದಾಪುರದ ಕಡೆ. ಇಲ್ಲೇ ಹುಟ್ಟಿ ಬೆಳೆದದ್ದರಿಂದ ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು, ಮಾತಾಡಲು ಹೊರಟರೆ ಅರ್ಧ ದಾರಿಯಲ್ಲಿ ಮರಾಠಿಗೆ ಜಾರುತ್ತಿದ್ದರು. ಎಲ್ಲರೂ ಅವರನ್ನು ಮ್ಯಾಡಂ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಮ್ಯಾಡಂಗೆ ಲಿನಕ್ಸ್ ಎಂದರೆ ಬರೀ ತಂತ್ರಾಂಶವಲ್ಲ, ವ್ರತ. ಅವರ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಎಂಬುದು ಮಡಿಯ ಅಡುಗೆಮನೆಗೆ ಬಂದ ಚಪ್ಪಲಿಯಂತೆ, ಎಂದೂ ಒಳಗೆ ಬಂದದ್ದಿಲ್ಲ.

"ಸರ್, ನೀವು ಉಗಾಚ್ ಹೆದರ್ತೀರಿ" ಎಂದರು ನನ್ನ ಟಿಪ್ಪಣಿ ನೋಡಿ. ಸುಮ್ಮಸುಮ್ಮನೆ ಹೆದರುತ್ತೀರಿ ಎಂದು. "ಕೋಟ್ಯಂತರ ಮಶೀನ್ ಇದರ ಮೇಲೆ ಚಾಲ್ತಾತ್. ನಿಮ್ಮ ಬ್ಯಾಂಕ್ ಕಾಯ್ ಸ್ಪೆಶಲ್?"

ಕೆಲಸ ಹೀಗಿತ್ತು. ನಾಸಿಕಿನಲ್ಲಿ ಒಂದು ಯಂತ್ರವನ್ನು ನಮಗೆ ಬೇಕಾದಂತೆ ಪೂರ್ತಿ ಸಿದ್ಧಮಾಡುವುದು, ಅದರ ಪಡಿಯಚ್ಚನ್ನು ಒಂದು ಡಿಸ್ಕಿಗೆ ತುಂಬಿಕೊಳ್ಳುವುದು, ಶಾಖೆಗೆ ಹೋಗಿ ಹಳೆಯದನ್ನೆಲ್ಲ ಅಳಿಸಿ ಆ ಅಚ್ಚನ್ನು ಒತ್ತುವುದು. ನಾವು ಅದನ್ನು ಅಚ್ಚು ಎಂದೇ ಕರೆಯುತ್ತಿದ್ದೆವು. ಅಚ್ಚಿನಲ್ಲಿ ಏನಿರಬೇಕು, ಏನಿರಬಾರದು ಎಂದು ತೀರ್ಮಾನಿಸುವವನು ನಾನು. ಆಟ ಬೇಡ, ತೆಗೆಸಿದೆ. ಹಾಡು, ವಿಡಿಯೊ ಬೇಡ, ತೆಗೆಸಿದೆ. ಕ್ರಿಕೆಟ್ ಋತುವಿನಲ್ಲಿ ಶಾಖೆಗಳಲ್ಲಿ ಕಾಮೆಂಟರಿ ಕೇಳಿಸುತ್ತದೆಂದು ಮೇಲಿನವರಿಂದ ಒಮ್ಮೆ ಬೈಸಿಕೊಂಡಿದ್ದ ನೆನಪಿಗೆ, ಧ್ವನಿಯ ಭಾಗವನ್ನೇ ಬೇರುಸಮೇತ ಕೀಳಿಸಿದೆ. ಬ್ಯಾಂಕಿನ ಕಂಪ್ಯೂಟರಿಗೆ ಬಾಯಿ ಯಾಕೆ ಬೇಕು?

ಲಾಸಲಗಾಂವ್ ಮೊದಲ ಶಾಖೆ. ಈರುಳ್ಳಿ ಹರಾಜು ನಡೆಯುವ ದಿನಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅದಕ್ಕೇ ರಜೆಯ ದಿನ ಅಚ್ಚು ಒತ್ತಿ ಮುಗಿಸಿದೆವು. ಮರುದಿನ ಬಾಗಿಲು ತೆರೆದದ್ದೇ ತಡ, ಒಬ್ಬೊಬ್ಬರಾಗಿ ಎಲ್ಲ ಸಿಬ್ಬಂದಿಯೂ ತಂತ್ರಾಂಶದ ಒಳಗೆ ಹೋಗಲಾರದೆ ಹೊರಗುಳಿದರು. ಪಾಸ್‌ವರ್ಡ್ ತಪ್ಪು ಎನ್ನುತ್ತಿತ್ತು ಯಂತ್ರ. ಮೂರು ಸಲ ತಪ್ಪಾದರೆ ಖಾತೆಗಳ ಲೆಕ್ಕ ಇಡುವ ಮುಖ್ಯ ತಂತ್ರಾಂಶ ಬಾಗಿಲು ಹಾಕಿಕೊಳ್ಳುತ್ತದೆ. ನಾನು ಬೆವರೊರೆಸಿಕೊಳ್ಳುತ್ತ ನಿಂತೆ. ಕೊನೆಗೆ ಗೊತ್ತಾದದ್ದು ಇಷ್ಟು: ಬ್ಯಾಂಕಿನವರು ಅಂಕಿಗಳನ್ನು ಕೀಲಿಮಣೆಯ ಬಲಗಡೆಯ ಅಂಕಿಪಟ್ಟಿಯಲ್ಲೇ ಒತ್ತುವವರು, ಅದೂ ಕೆಳಗೆ ನೋಡದೆ. ಲಿನಕ್ಸ್ ಎದ್ದೇಳುವಾಗ ಆ ಅಂಕಿಪಟ್ಟಿಯನ್ನು ಬಂದ್ ಮಾಡಿಟ್ಟುಕೊಂಡೇ ಏಳುತ್ತಿತ್ತು. ಜಗತ್ತಿನ ಯಾವ ಪ್ರೋಗ್ರಾಮರನಿಗೂ ತೊಂದರೆ ಕೊಡದ ಈ ಸಣ್ಣ ಸಂಗತಿ ಒಂದಿಡೀ ಶಾಖೆಯನ್ನು ಬೀದಿಯಲ್ಲಿ ನಿಲ್ಲಿಸಿತು. ಮ್ಯಾಡಂ ಒಂದು ಸಾಲು ಬರೆದು ಸರಿಮಾಡಿದರು. ನಾನು ಅದನ್ನು ಅಚ್ಚಿಗೆ ಸೇರಿಸಿಕೊಂಡೆ. ಖುಲ್ತಾಬಾದ್, ಸಿಲ್ಲೋಡ್ ಅಷ್ಟು ಕಾಡಲಿಲ್ಲ. ಕಾಡದಿದ್ದದ್ದೇ ನನಗೆ ಚಿಂತೆಯಾಯಿತು.

ಔರಂಗಾಬಾದಿನ ಮುಖ್ಯ ಶಾಖೆಯಲ್ಲಿ ವಿಚಾರಣಾ ಕೌಂಟರಿನಲ್ಲಿ ಕೂತಿದ್ದವರು ಬೀದರ್ ಜಿಲ್ಲೆಯವರು. ಶಾಖೆಯಲ್ಲಿ ಅವರನ್ನು 'ಬೀದರ್‌ವಾಲೆ' ಎನ್ನುತ್ತಿದ್ದರು, ನಾನು ಬೀದರಿನವರು ಎಂದೇ ಬರೆಯುತ್ತೇನೆ. ವಯಸ್ಸು ನನ್ನದೇ. ಎರಡೂ ಕಣ್ಣು ಹುಟ್ಟಿನಿಂದಲೇ ಕಾಣುತ್ತಿರಲಿಲ್ಲ. ಅಂಗಿಯ ಇಸ್ತ್ರಿ ಮಾತ್ರ ಕೈ ಕುಯ್ಯುವಷ್ಟು ಚೂಪು. ತಮ್ಮ ದನಿಯ ಬಗ್ಗೆ ಅವರಿಗೆ ಬಹಳ ಅಭಿಮಾನ. ಎಡಗಿವಿಗೆ ಟೆಲಿಫೋನು, ಬಲಗಿವಿಯಲ್ಲಿ ಕಂಪ್ಯೂಟರಿನ ಇಯರ್‌ಫೋನು. ತೆರೆಯ ಮೇಲಿದ್ದದ್ದನ್ನು ಓದಿ ಹೇಳುವ ಒಂದು ದುಬಾರಿ ತಂತ್ರಾಂಶ ಅವರ ಯಂತ್ರದಲ್ಲಿತ್ತು, ಬ್ಯಾಂಕೇ ಕೊಡಿಸಿದ್ದು. ಅದು ಓದುವ ವೇಗ ನನಗೆ ಕಡಲೆ ಹುರಿಯುವ ಸದ್ದಿನಂತೆ ಕೇಳುತ್ತಿತ್ತು. ಅವರು ಅದನ್ನು ಕೇಳಿಸಿಕೊಳ್ಳುತ್ತಲೇ ಇನ್ನೊಂದು ಕಿವಿಯ ಗಿರಾಕಿಗೆ ಮರಾಠಿಯಲ್ಲಿ, ಉರ್ದುವಿನಲ್ಲಿ ಉತ್ತರ ಕೊಡುತ್ತಿದ್ದರು.

ನಾನು ಹೋಗಿ ಪರಿಚಯ ಹೇಳಿಕೊಂಡೆ. ಕನ್ನಡ ಕೇಳಿ ಮುಖ ತಿರುಗಿಸಿದರು.

"ಬಾಗಲಕೋಟಿ ಕಡೀಯವರು ಹೌದಲ್ರಿ? 'ಐತಿ' ಅಂದ್ರಿ ನೋಡ್ರಿ, ಅಲ್ಲೇ ಸಿಕ್ಕಿಬಿದ್ರಿ. ನೀವೇ ಏನ್ರಿ ಎಲ್ಲಾರ ಮಶೀನಿಗಿ ಹೊಸ ಧರ್ಮ ಕೊಡ್ಲಾಕ ಬಂದೋರು?"

"ಧರ್ಮ ಅಲ್ರಿ, ಸುತ್ತೋಲೆ" ಎಂದೆ.

"ಎರಡೂ ಮ್ಯಾಲಿಂದೇ ಬರ್ತಾವ ಬಿಡ್ರಿ. ನನ್ನ ಮಶೀನಿಗಿ ಕೈ ಹಚ್ಚಬ್ಯಾಡ್ರಿ, ಅಷ್ಟೇ. ಅದು ಮಾತಾಡ್ತದ. ನಿಮ್ಮದು ಮಾತಾಡ್ತದೇನು?"

ಮ್ಯಾಡಂ ಮುಂದೆ ಬಂದು, ಲಿನಕ್ಸಿನಲ್ಲೂ ತೆರೆ ಓದುವ ತಂತ್ರಾಂಶವಿದೆ, ಅದೂ ಪುಕ್ಕಟೆ, ಅದೂ ತೆರೆದದ್ದು ಎಂದು ವಿವರಿಸಿದರು.

"ಪುಕ್ಕಟ ಕೊಟ್ಟದ್ದು ಪುಕ್ಕಟನೇ ಮಾತಾಡ್ತದ, ತಂಗಿ" ಎಂದರು ಅವರು.

ಅವರಿಗೆ ಆ ಕುರ್ಚಿ ಎಷ್ಟು ದೊಡ್ಡದೆಂಬುದು ಮಧ್ಯಾಹ್ನ ಊಟದ ಹೊತ್ತಿಗೆ ತಿಳಿಯಿತು. ಅವರು ಬ್ಯಾಂಕಿಗೆ ಸೇರಿದ್ದು ಟೆಲಿಫೋನ್ ಬೋರ್ಡಿನ ಆಪರೇಟರಾಗಿ. ಎಲ್ಲರ ಮೇಜಿಗೂ ನೇರ ಫೋನು ಬಂದ ಮೇಲೆ ಬೋರ್ಡು ತೆಗೆದರು, ಅವರನ್ನು ತೆಗೆಯುವಂತಿರಲಿಲ್ಲ. "ಹಾಜರಿಗಿ ಸಹಿ ಮಾಡೂದು, ಸ್ಟೂಲಿನ ಮ್ಯಾಲ ಕೂಡೂದು, ಚಹಾ ಕುಡಿಯೂದು, ಮನಿಗಿ ಹೋಗೂದು. ವರ್ಷಗಟ್ಲೆ ಸರ. ನನ್ನ ಬಾಜೂಕ ಒಂದು ನೀರಿನ ಕೂಲರ್ ಇತ್ತು. ಜನ ಅದರ ಕಡಿ ಬರ್ತಿದ್ರು, ನನ್ನ ಕಡಿ ಯಾರೂ ಬರ್ತಿರಲಿಲ್ಲ." ಆಮೇಲೆ ಯಾರೋ ಒಬ್ಬ ಒಳ್ಳೆಯ ವ್ಯವಸ್ಥಾಪಕರು ಆ ಮಾತಾಡುವ ತಂತ್ರಾಂಶ ತರಿಸಿ ಕೌಂಟರು ಕೊಟ್ಟಿದ್ದರು. ಯಂತ್ರ ಮಾತಾಡದಿದ್ದರೆ ಅವರು ಮತ್ತೆ ಸ್ಟೂಲಿಗೆ. ಇದರಲ್ಲಿ ಬಿಡಿಸಿ ಹೇಳುವಂಥದ್ದೇನೂ ಇರಲಿಲ್ಲ.

ಆದರೂ ಸುತ್ತೋಲೆಯಲ್ಲಿ ಎಲ್ಲ ಯಂತ್ರಗಳು ಎಂದಿತ್ತು. ನಾನು ಅವರ ಕಡತಗಳನ್ನೆಲ್ಲ ಒಂದಲ್ಲ, ಮೂರು ಕಡೆ ನಕಲು ಮಾಡಿಟ್ಟೆ. ಮೂರನೆಯದನ್ನು ನನ್ನ ಚೀಲದಲ್ಲೇ ಇಟ್ಟುಕೊಂಡೆ. ಆಮೇಲೆ ಅಚ್ಚು ಒತ್ತಿದೆವು.

ಯಂತ್ರ ಮಾತಾಡಲಿಲ್ಲ.

ಮ್ಯಾಡಂ ತಂತ್ರಾಂಶವನ್ನು ತೆಗೆದು ಹಾಕಿ, ಹಾಕಿ ತೆಗೆದು ನೋಡಿದರು. ಅದು ಎಲ್ಲವನ್ನೂ ಓದುತ್ತಿದ್ದೇನೆ ಎಂದೇ ವರದಿ ಕೊಡುತ್ತಿತ್ತು. ಇಯರ್‌ಫೋನಿನಲ್ಲಿ ಮಾತ್ರ ನಿಶ್ಶಬ್ದ. ಮರುದಿನವೂ ಹಾಗೇ. ಬೀದರಿನವರು ಪಕ್ಕದಲ್ಲಿ ಕೈಕಟ್ಟಿ ಕೂತು, "ಅದು ಮೌನವ್ರತ ಮಾಡ್ಲಾಕ್ಹತ್ಯದೇನ್ರಿ?" ಎಂದು ಆಗಾಗ ಕೇಳುತ್ತಿದ್ದರು. ಕೊನೆಗೆ ಮ್ಯಾಡಂ ನನ್ನ ಕಡೆ ಮೆಲ್ಲಗೆ ತಿರುಗಿದರು.

"ಸರ್, ಅಚ್ಚಿನಿಂದ ಆವಾಜ್ ಕಾಢ್ಲಾ ಕೋಣಿ?"

ಧ್ವನಿ ತೆಗೆಸಿದವನು ಯಾರು ಎಂಬ ಪ್ರಶ್ನೆಗೆ ಉತ್ತರ ಕೊಡುವ ಬದಲು ನಾನು ಚಹಾ ತರಿಸಿದೆ. ಕುರುಡರಿಗಾಗಿ ಮಾತಾಡುವ ಯಂತ್ರವನ್ನು ಬಾಯಿ ಹೊಲಿದು ತಂದುಕೊಟ್ಟವರು ಬೇರೆ ಯಾವ ಬ್ಯಾಂಕಿನಲ್ಲಾದರೂ ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಧ್ವನಿ ಮರಳಿ ಬಂತು. ಬೀದರಿನವರು ಕಿವಿಗೆ ಹಚ್ಚಿಕೊಂಡು ಮುಖ ಸಿಂಡರಿಸಿದರು. "ಇದ್ಯಾರ್ರಿ ಇಂವ? ನೆಗಡಿ ಬಂದ ಪೈಲ್ವಾನ್ ಡಬ್ಬಿ ಒಳಗ ಕುಂತು ಓದ್ದಂಗ ಅದ." ಆದರೂ ಅರ್ಧ ದಿನದಲ್ಲಿ ಆ ಪೈಲ್ವಾನನ ವೇಗವನ್ನು ಕಡಲೆ ಹುರಿಯುವ ಮಟ್ಟಕ್ಕೆ ಏರಿಸಿಕೊಂಡರು.

ನಿಜವಾದ ತೊಡಕು ಆಮೇಲೆ ಬಂತು. ಬ್ಯಾಂಕಿನ ಮುಖ್ಯ ತಂತ್ರಾಂಶವನ್ನು ಬೇರೊಂದು ಕಂಪನಿ ಬರೆದುಕೊಟ್ಟಿತ್ತು. ಅದರ ತೆರೆಯ ಮೇಲಿನ ಗುಂಡಿಗಳಿಗೆ ಕಣ್ಣಿಗೆ ಕಾಣುವ ಹೆಸರಿತ್ತೇ ಹೊರತು ಓದುವ ತಂತ್ರಾಂಶಕ್ಕೆ ಸಿಗುವ ಹೆಸರಿರಲಿಲ್ಲ. ಹಾಗಾಗಿ ಪೈಲ್ವಾನ "ಗುಂಡಿ, ಗುಂಡಿ, ಗುಂಡಿ" ಎಂದಷ್ಟೇ ಹೇಳುತ್ತಿದ್ದ. ಹಳೆಯ ದುಬಾರಿ ತಂತ್ರಾಂಶದಲ್ಲಿ ಯಾರೋ ತಜ್ಞರು ಕೂತು ಒಂದೊಂದಕ್ಕೂ ಹೆಸರು ಬರೆದುಕೊಟ್ಟಿದ್ದರಂತೆ. ಮ್ಯಾಡಂ ಹಟ ತೊಟ್ಟರು. ಲಿನಕ್ಸಿನ ಓದುವ ತಂತ್ರಾಂಶದ ಒಳಬರಹ ತೆರೆದಿತ್ತಲ್ಲ, ಅದನ್ನು ಓದಿ, ಗುಂಡಿಗಳಿಗೆ ಹೆಸರು ಕೊಡುವ ಒಂದು ತುಣುಕು ಬರೆದರು. ಎಲ್ಲಿ ಸಿಕ್ಕಿಬಿದ್ದರೋ ಅಲ್ಲಿ ಆ ತಂತ್ರಾಂಶ ಬೆಳೆಸುವವರ ಇಮೇಲ್ ಬಳಗಕ್ಕೆ ಪ್ರಶ್ನೆ ಕಳಿಸಿದರು. ಯಾವುದೋ ದೇಶದ ಯಾರೋ, ನಮ್ಮ ಬ್ಯಾಂಕಿನ ಹೆಸರೂ ಕೇಳದವರು, ದಿನ ಕಳೆಯುವುದರೊಳಗೆ ಉತ್ತರ ಬರೆದರು. ಇಪ್ಪತ್ತೈದು ವರ್ಷ ಸರ್ಕಾರಿ ಬ್ಯಾಂಕಿನಲ್ಲಿದ್ದ ನನಗೆ, ಪ್ರಶ್ನೆ ಕೇಳಿದರೆ ಉತ್ತರ ಬರುತ್ತದೆ ಎಂಬುದೇ ಸಂಶಯಾಸ್ಪದವಾಗಿ ಕಂಡಿತು.

ಕೆಲಸವಾಯಿತು. 'ಖಾತೆ ಸಂಖ್ಯೆ', 'ಹುಡುಕು', 'ಮುಂದಿನ ಪುಟ' ಎಂದು ಪೈಲ್ವಾನ ಸ್ಪಷ್ಟವಾಗಿ ಓದತೊಡಗಿದ. ಬೀದರಿನವರು ಮ್ಯಾಡಂಗೆ, "ತಂಗಿ, ನಿಮ್ಮ ಪುಕ್ಕಟದಾಗ ಸ್ವಲ್ಪ ದಮ್ ಅದ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಬಿರುದು. ನಾನು ನಾಸಿಕಿಗೆ ಮರಳಿ, ವಲಯದ ಮೊದಲ ಹಂತ ಶೇಕಡಾ ನೂರು ಎಂದು ವ್ಯವಸ್ಥಾಪಕರಿಗೆ ಹೇಳಿದೆ. ಅವರು ಅದೇ ಗಳಿಗೆಯಲ್ಲಿ ಪ್ರಧಾನ ಕಚೇರಿಗೆ ಫೋನು ಮಾಡಿದರು. ಮೊದಲು ನೂರು ಮುಟ್ಟಿದ ವಲಯಕ್ಕೆ ವಾರ್ಷಿಕ ಸಭೆಯಲ್ಲಿ ಫಲಕ ಕೊಡುತ್ತಾರೆಂಬುದು ಆಗಲೇ ನನಗೆ ತಿಳಿದದ್ದು.

ಹತ್ತಿಯ ಹಂಗಾಮು ಶುರುವಾಗಿತ್ತು. ಸಿಲ್ಲೋಡಿನ ಒಬ್ಬ ವ್ಯಾಪಾರಿ, ಖಾತೆ ಮುಖ್ಯ ಶಾಖೆಯಲ್ಲಿದ್ದವರು, ತಮ್ಮ ಹೊಸ ಚೆಕ್ ಪುಸ್ತಕ ಬಂದಿದೆಯೇ ಎಂದು ಫೋನು ಮಾಡಿದರು. ಬೀದರಿನವರು ಹುಡುಕಿ, ಬಂದಿದೆ, ಒಯ್ಯಿರಿ ಎಂದರು. ವ್ಯಾಪಾರಿ ಮಾಲು ತೂಗುವುದನ್ನು ಬಿಟ್ಟು ಬಸ್ಸು ಹತ್ತಿ ಬಂದರು. ಪುಸ್ತಕ ಬಂದಿರಲಿಲ್ಲ. ಬಂದದ್ದು ಅವರಿಗಿಂತ ಮೊದಲು ಫೋನು ಮಾಡಿದ್ದ ಇನ್ನೊಬ್ಬರದು. ತೆರೆ ಬದಲಾಗಿದ್ದರೂ ಪೈಲ್ವಾನ ಹಿಂದಿನ ತೆರೆಯನ್ನೇ ಓದಿ ಹೇಳಿದ್ದ.

ಆ ಹೊತ್ತಿಗೆ ನಾನು ಬೇರೆ ಕೆಲಸಕ್ಕೆ ಅದೇ ಶಾಖೆಯಲ್ಲಿದ್ದೆ. ವ್ಯಾಪಾರಿ ಕೌಂಟರಿನ ಮುಂದೆ ನಿಂತು ಕೂಗಾಡುತ್ತಿದ್ದರು. "ದಿಸತ್ ನಾಹೀ ತರ್ ಬಸವಲಂ ಕಶಾಲಾ?" ಕಾಣುವುದಿಲ್ಲವೆಂದರೆ ಇವರನ್ನು ಕೂರಿಸಿದ್ದಾದರೂ ಯಾಕೆ ಎಂದು. ಬೀದರಿನವರು ಎದ್ದು ನಿಂತು ತಪ್ಪಾಯಿತು ಎಂದು ಕೈಮುಗಿದರು. ವ್ಯಾಪಾರಿ ಹೋದ ಮೇಲೆ ಇಯರ್‌ಫೋನು ತೆಗೆದು, ಅದರ ತಂತಿಯನ್ನು ನೀಟಾಗಿ ಸುತ್ತಿ, ಮೇಜಿನ ಮೇಲಿಟ್ಟರು.

"ಸರ, ಈ ಕುರ್ಚಿ ಮ್ಯಾಲ ಕೂತ ಮ್ಯಾಲ ಒಮ್ಮಿನೂ ತಪ್ಪು ಹೇಳಿದ್ದಿಲ್ಲ. ಇಂವ ಏನು ಓದ್ತಾನ ಅನ್ನೂದು ಖರೇನೋ ಸುಳ್ಳೋ ನನಗ ಹ್ಯಾಂಗ ತಿಳೀಬೇಕು? ನಿಮಗ ಅನುಮಾನ ಬಂದ್ರ ಕಣ್ಣು ಹಾಯಿಸಿ ನೋಡ್ತೀರಿ. ನಾ ಏನು ಹಾಯಿಸಲಿ?"

"ಸರಿಮಾಡೂಣ್ರಿ" ಎಂದೆ.

"ಸರಿ ಆಗೂತನಕ ನಾ ಮುಟ್ಟಾಂಗಿಲ್ಲ. ಹಳೇದು ಹಾಕಿಕೊಡ್ರಿ."

ಮ್ಯಾಡಂ ಮತ್ತೆ ಇಮೇಲ್ ಬಳಗಕ್ಕೆ ಬರೆದರು. ಈ ಸಲವೂ ಉತ್ತರ ಬೇಗನೆ ಬಂತು, ಪ್ರಾಮಾಣಿಕವಾಗಿಯೂ ಬಂತು. ನಮ್ಮ ಮುಖ್ಯ ತಂತ್ರಾಂಶದಂಥವನ್ನೂ ಓದುವ ತಂತ್ರಾಂಶವನ್ನೂ ಜೋಡಿಸುವ ಸೇತುವೆ ಲಿನಕ್ಸಿನಲ್ಲಿ ಇನ್ನೂ ಅರ್ಧ ಕಟ್ಟಿದ್ದು; ತೆರೆ ಬದಲಾದ ಸುದ್ದಿಯನ್ನು ಅದು ಕೆಲವೊಮ್ಮೆ ಮುಟ್ಟಿಸುವುದಿಲ್ಲ; ಬಿಡುವಿದ್ದಾಗ ಕೆಲಸ ಮಾಡುತ್ತಿದ್ದೇವೆ; ಯಾವಾಗ ಮುಗಿಯುತ್ತದೆಂದು ಹೇಳಲಾರೆವು.

ಸರಿ, ಹಳೆಯದನ್ನೇ ಹಾಕೋಣ ಎಂದು ನನ್ನ ಚೀಲದಿಂದ ಮೂರನೆಯ ನಕಲು ತೆಗೆದೆ. ಆಗ ಎರಡನೆಯ ಆಘಾತ. ದುಬಾರಿ ತಂತ್ರಾಂಶದ ಪರವಾನಗಿ ಯಂತ್ರದ ಹಾರ್ಡ್‌ಡಿಸ್ಕಿಗೆ ಅಂಟಿಕೊಂಡಿತ್ತು. ನಾವು ಡಿಸ್ಕು ಅಳಿಸಿದಾಗ ಅದೂ ಅಳಿಸಿಹೋಗಿತ್ತು. ಅಳಿಸುವ ಮೊದಲು ಅದನ್ನು ಬಿಡಿಸಿಟ್ಟುಕೊಳ್ಳಬೇಕಿತ್ತಂತೆ. ಎಲ್ಲವನ್ನೂ ಮೂರು ಮೂರು ನಕಲು ಮಾಡಿದ ನಾನು, ನಕಲು ಮಾಡಲಾಗದ ಒಂದೇ ಒಂದು ವಸ್ತುವನ್ನು ಬಿಟ್ಟಿದ್ದೆ. ಮುಂಬಯಿಯ ಮಾರಾಟಗಾರರು ಹೊಸದಾಗಿ ಕೊಳ್ಳಿ ಎಂದರು. ಉಳಿತಾಯಕ್ಕೆಂದೇ ಶುರುವಾದ ಯೋಜನೆಯಲ್ಲಿ ಅದನ್ನು ಕೊಳ್ಳಲು ಅನುಮತಿ ಕೇಳಿದರೆ ಏನಾಗುತ್ತದೆಂದು ನನಗೆ ಕೇಳದೆಯೇ ಗೊತ್ತಿತ್ತು. ಆದರೂ ಕೇಳಿದೆ. ಅದೇ ಆಯಿತು. ಅಲ್ಲದೆ ಹಳೆಯ ವಿಂಡೋಸನ್ನು ಬ್ಯಾಂಕಿನ ಜಾಲಕ್ಕೆ ಜೋಡಿಸುವುದನ್ನೇ ಆ ಹೊತ್ತಿಗೆ ನಿಷೇಧಿಸಿಬಿಟ್ಟಿದ್ದರು.

ನಾಸಿಕಿಗೆ ಮರಳಿ ವಲಯ ವ್ಯವಸ್ಥಾಪಕರ ಕೋಣೆಗೆ ಹೋಗಿ ಇದ್ದದ್ದನ್ನು ಹೇಳಿದೆ. ಅವರು ಕೆಟ್ಟವರಲ್ಲ. ಫಲಕ ಬೇಕಿದ್ದವರು, ಅಷ್ಟೇ.

"ಅವರ ಸಂಬಳ ನಿಲ್ಲುವುದಿಲ್ಲವಲ್ಲ?" ಎಂದರು. "ಆ ಕೌಂಟರಿಗೆ ಬೇರೆಯವರನ್ನು ಕೂರಿಸಲಿ. ಇವರಿಗೆ ಆರಾಮವಾಗಿ ಒಂದು ಕಡೆ ಕುರ್ಚಿ ಹಾಕಿಕೊಡಲಿ. ಯಂತ್ರ ಲಿನಕ್ಸಿನಲ್ಲೇ ಇರುತ್ತದೆ, ನೂರು ನೂರೇ ಇರುತ್ತದೆ. ಯಾರಿಗೆ ತೊಂದರೆ?"

ತೊಂದರೆ ಯಾರಿಗೆಂದು ನನಗೆ ಗೊತ್ತಿತ್ತು, ಆದರೆ ಅದನ್ನು ಹೇಳುವ ಧೈರ್ಯ ಆ ಗಳಿಗೆಯಲ್ಲಿ ಬರಲಿಲ್ಲ. ನೋಡ್ತೇನೆ ಸರ್ ಎಂದು ಹೊರಗೆ ಬಂದೆ. ನಮ್ಮ ಕಚೇರಿಯಲ್ಲಿ 'ನೋಡ್ತೇನೆ' ಎಂದರೆ ಒಪ್ಪಿದೆ ಎಂದೇ ಅರ್ಥ.

ನನ್ನ ಮುಖ ನೋಡಿ ಮ್ಯಾಡಂ ತಮ್ಮ ಹೋಟೆಲಿನ ಇಡ್ಲಿಯ ಡಬ್ಬಿ ಮುಂದೆ ತಳ್ಳಿದರು. ನಾನು ತಿನ್ನಲಿಲ್ಲ. ಅವರು ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡು ಹೇಳಿದರು:

"ಸರ್, ಒಂದು ಇದೆ. ಇನ್ನೊಂದು ರೀಡರ್. ಫ್ರೀ, ಓಪನ್ ಸೋರ್ಸ್. ಖೂಪ್ ಛಾನ್, ಬಹಳ ಚೆನ್ನಾಗಿದೆ. ಮಾಡಿದವರೇ ಕಣ್ಣು ಕಾಣದವರು. ಅದರ ಸೇತುವೆ ಪೂರ್ತಿ ಇದೆ."

"ಮತ್ತ ಹಾಕ್ರಿ!"

"ಅದು ವಿಂಡೋಸ್ ಮೇಲೆ ಮಾತ್ರ ಚಾಲ್ತಂ." ಅವರು ಡಬ್ಬಿಯ ಮುಚ್ಚಳ ನೋಡುತ್ತಿದ್ದರು. "ನನಗೆ ಮೊದಲೇ ಗೊತ್ತಿತ್ತು, ಸರ್."

"ಮೊದಲೇ ಅಂದ್ರ?"

"ಮೊದಲನೇ ದಿನ. ನಾನು ಹೇಳಿದ್ದರೆ ನೀವು ಲಗೇಚ್ ವಿಂಡೋಸ್‌ಗೆ ಓಡ್ತಿದ್ದಿರಿ. ಆಮಚಂ ಕಾಮ್ ಲಿನಕ್ಸಿನಲ್ಲೇ ಆಗ್ತದೆ ಅಂತ ತೋರಿಸಬೇಕಿತ್ತು ನನಗೆ."

ನನಗೆ ಸಿಟ್ಟು ಬಂತು. ಬಂದ ಸಿಟ್ಟು ಬಹಳ ಹೊತ್ತು ನಿಲ್ಲಲೂ ಇಲ್ಲ. ಒಬ್ಬರಿಗೆ ತಮ್ಮ ಲಿನಕ್ಸ್ ಗೆಲ್ಲಬೇಕು, ಇನ್ನೊಬ್ಬರಿಗೆ ತಮ್ಮ ವಲಯ ಗೆಲ್ಲಬೇಕು, ನನಗೆ ಯಾರಿಂದಲೂ ಬೈಸಿಕೊಳ್ಳಬಾರದು. ಈ ಮೂವರ ನಡುವೆ ಒಬ್ಬ ಮನುಷ್ಯ ಇಯರ್‌ಫೋನು ಸುತ್ತಿಟ್ಟು ಕೂತಿದ್ದ.

ಇನ್ನುಳಿದದ್ದು ಒಂದು ಹೊಸ ವಿಂಡೋಸ್ ಎಲ್ಲಿಂದ ತರುವುದು ಎಂಬುದು. ಅದು ನನ್ನ ಮೇಜಿನ ಮೇಲೇ ಇತ್ತು. ವಲಯ ಕಚೇರಿಯ ಯಂತ್ರಗಳು ಮೊದಲ ಹಂತದಲ್ಲಿ ಸೇರಿರಲಿಲ್ಲ. ನನ್ನ ಕಂಪ್ಯೂಟರ್ ಆಗಷ್ಟೇ ಬಂದದ್ದು. ಅಂಗಡಿಯಿಂದಲೇ ಹೊಸ ವಿಂಡೋಸಿನ ಪರವಾನಗಿಯ ಚೀಟಿ ಅದರ ಬೆನ್ನಿಗೆ ಅಂಟಿಸಿಕೊಂಡು ಬಂದಿತ್ತು. ಆ ಪರವಾನಗಿ ಯಂತ್ರ ಹೋದಲ್ಲಿಗೆ ಹೋಗುತ್ತದೆ. ಯಂತ್ರವನ್ನು ಅವರಿಗೆ ಕೊಟ್ಟು ಅವರದನ್ನು ನಾನು ತೆಗೆದುಕೊಂಡರಾಯಿತು. ಇಂಥ ಅದಲುಬದಲಿಗೆ ನನ್ನ ಸಹಿ ಸಾಕು.

ಅದರ ಜೊತೆಗೆ ಇನ್ನೊಂದಕ್ಕೂ ಸಹಿ ಬೇಕಿತ್ತು. ತಿಂಗಳ ವರದಿಯಲ್ಲಿ ಮುಖ್ಯ ಶಾಖೆಯ ಎದುರಿಗೆ 'ಒಂದು ಯಂತ್ರ ಬಾಕಿ, ಕಾರಣ: ದೃಷ್ಟಿಹೀನ ಸಿಬ್ಬಂದಿ, ಲಿನಕ್ಸಿನಲ್ಲಿ ಓದುವ ವ್ಯವಸ್ಥೆ ನಂಬುವಂತಿಲ್ಲ' ಎಂದು ಬರೆಯಬೇಕು. ಬರೆದರೆ ನೂರು ನೂರಾಗಿ ಉಳಿಯುವುದಿಲ್ಲ. ಬರೆಯದೆ ಸುಮ್ಮನೆ ಯಂತ್ರ ಬದಲಿಸಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮುಂದಿನ ತಪಾಸಣೆಯಲ್ಲಿ ಯಾರಾದರೂ ಬಂದು ಇದು ಇಲ್ಲಿರಬಾರದು ಎಂದು ಅಳಿಸಿಬಿಟ್ಟರೆ? ಕಾಗದದ ಮೇಲೆ ಕಾರಣವಿಲ್ಲದ ವಸ್ತುವಿಗೆ ನಮ್ಮಲ್ಲಿ ಆಯುಷ್ಯವಿಲ್ಲ. ಇದು ಶೌರ್ಯವಲ್ಲ, ನನ್ನ ಮಾಮೂಲಿ ಹೆದರಿಕೆಯೇ. ಈ ಸಲ ಅದು ಬೇರೆ ದಿಕ್ಕಿಗೆ ತಿರುಗಿತ್ತು. ಬರೆದು, ಸಹಿ ಮಾಡಿ, ವ್ಯವಸ್ಥಾಪಕರ ಮೇಜಿಗೆ ಕಳಿಸಿ, ಅವರು ಓದುವ ಮೊದಲೇ ಬಸ್ ನಿಲ್ದಾಣಕ್ಕೆ ಹೊರಟೆ.

ಕೊರಿಯರಿನಲ್ಲಿ ಕಳಿಸಬಹುದಿತ್ತು. ಒಡೆದರೆ ಎಂಬ ಚಿಂತೆಗೆ ಯಂತ್ರದ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೆಂಪು ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿ ಮ್ಯಾಡಂ, ಅವರ ತೊಡೆಯ ಮೇಲೆ ಲ್ಯಾಪ್‌ಟಾಪು. ಯೇವಲಾ ದಾಟುವಷ್ಟರಲ್ಲಿ ನನ್ನ ಕಾಲು ಜೋಮು ಹಿಡಿದಿತ್ತು. ಕಂಡಕ್ಟರು ಬಂದು ಇದೇನು, ದೇವರ ಮೂರ್ತಿಯೇ, ಇಷ್ಟು ಜೋಪಾನ ಯಾಕೆ ಎಂದು ಕೇಳಿದ. "ವಿಂಡೋಸ್ ಆಹೇ" ಎಂದು ಮ್ಯಾಡಂ ನಿಟ್ಟುಸಿರಿಟ್ಟರು.

ಲಿನಕ್ಸಿಗೆಂದು ಬರೆದ ಗುಂಡಿಗಳ ಹೆಸರಿನ ತುಣುಕನ್ನು ಅವರು ಈ ಹೊಸ ಓದುವ ತಂತ್ರಾಂಶಕ್ಕೆ ಹೊಂದಿಸಿದರು. ಇದರ ಒಳಬರಹವೂ ತೆರೆದದ್ದೇ ಆದ್ದರಿಂದ ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಮುಚ್ಚಿದ ವ್ಯವಸ್ಥೆಯ ಮೇಲೆ ತೆರೆದ ತಂತ್ರಾಂಶ ಕೂತು, ಇನ್ನೊಂದು ಮುಚ್ಚಿದ ತಂತ್ರಾಂಶವನ್ನು ಓದುತ್ತಿತ್ತು. ಯಾವ ಪಕ್ಷ ಗೆದ್ದಿತೆಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ.

ಬೀದರಿನವರು ನಂಬಲಿಲ್ಲ. ಒಂದಿಡೀ ದಿನ ಪರೀಕ್ಷೆ ಮಾಡಿದರು. ನಾನು ಒಂದು ಖಾತೆಯ ವಿವರ ತೆರೆಯ ಮೇಲೆ ತರಬೇಕು, ಅವರು ಕೇಳಿ ಹೇಳಬೇಕು, ನಾನು ತೆರೆ ನೋಡಿ ಹೌದೋ ಅಲ್ಲವೋ ಹೇಳಬೇಕು. ಬೇಗ ಬೇಗ ತೆರೆ ಬದಲಿಸಿ ಅದನ್ನು ದಾರಿ ತಪ್ಪಿಸಲು ನೋಡಿದರು. ಬೇಕೆಂದೇ ನಡುವೆ ಫೋನು ಎತ್ತಿದರು. ಒಮ್ಮೆ ನಾನು ತೂಕಡಿಸಿದ್ದಾಗ, "ಸರ, ನೀವು ನೋಡ್ಲಾಕ್ಹತ್ತೀರೋ ಇಲ್ಲೋ? ನಾ ಬೇಕಂತನೇ ತಪ್ಪು ಹೇಳಿದ್ದೆ, ನೀವು ಹೌದು ಅಂದ್ರಿ" ಎಂದು ಹಿಡಿದರು. ಯಂತ್ರ ತಪ್ಪಲಿಲ್ಲ. ಸಂಜೆ ಶಾಖೆ ಮುಚ್ಚುವ ಹೊತ್ತಿಗೆ, "ನಾಳಿಂದ ಕೂಡ್ತೀನಿ" ಎಂದಷ್ಟೇ ಹೇಳಿ ಕೋಲು ಹಿಡಿದು ಹೊರಟರು. ಮ್ಯಾಡಂಗೆ ಈ ಸಲ ಬಿರುದು ಸಿಗಲಿಲ್ಲ.

ನಾಸಿಕಿಗೆ ಮರಳಿದ ಮೇಲೆ ವ್ಯವಸ್ಥಾಪಕರು ನನ್ನನ್ನು ಕರೆದು ಬಹಳ ಹೊತ್ತು ಮಾತಾಡಿದರು. ಒಂದು ಯಂತ್ರ, ಒಂದೇ ಒಂದು ಯಂತ್ರ ಎಂದು ಬೆರಳು ಎತ್ತಿ ಎತ್ತಿ ತೋರಿಸಿದರು. ಫಲಕ ಬೇರೆ ವಲಯಕ್ಕೆ ಹೋಯಿತು. ಅವರು ವರ್ಗವಾಗುವವರೆಗೂ ನನಗೆ ಎದುರಾದಾಗಲೆಲ್ಲ ಗೋಡೆಯ ಖಾಲಿ ಜಾಗ ನೋಡುತ್ತಿದ್ದರು. ನಾನು ಬೀದರಿನವರ ಹಳೆಯ ಯಂತ್ರದಲ್ಲಿ ಲಿನಕ್ಸ್ ಬಳಸತೊಡಗಿದೆ. ಅಷ್ಟು ಕೇಡುಗಳ ಪಟ್ಟಿ ಬರೆದವನಿಗೆ ಅದು ಯಾವ ಕೇಡನ್ನೂ ಮಾಡಲಿಲ್ಲ. ಅದನ್ನು ಮ್ಯಾಡಂ ಎದುರು ಒಪ್ಪಿಕೊಳ್ಳಲು ಮಾತ್ರ ಕೆಲವು ತಿಂಗಳು ಹಿಡಿಯಿತು.

ಯಂತ್ರ ಕೊಟ್ಟು ಬಂದ ಮೊದಲ ಸೋಮವಾರ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮತ್ತೆ ತಪ್ಪು ಓದಿದರೆ? ಮತ್ತೆ ಯಾರೋ ಬಂದು ಕೂಗಾಡಿದರೆ? ತಡೆಯಲಾರದೆ ಮುಖ್ಯ ಶಾಖೆಯ ವಿಚಾರಣಾ ಸಂಖ್ಯೆಗೆ ಫೋನು ಮಾಡಿದೆ. ಲೈನು ಬಿಡುವಿರಲಿಲ್ಲ. ಮತ್ತೆ ಮಾಡಿದೆ. ಬಿಡುವಿಲ್ಲ. ಬಹಳ ಹೊತ್ತಿನ ಮೇಲೆ ಸಿಕ್ಕಿತು. ದನಿ ಬದಲಿಸಿ, ಮರಾಠಿಯಲ್ಲಿ, ನನ್ನದೊಂದು ಚೆಕ್ ಪುಸ್ತಕ ಬರಬೇಕಿತ್ತು ಎಂದು ಶುರುಮಾಡಿದೆ. ಆ ಕಡೆ ಕಡಲೆ ಹುರಿಯುವ ಸದ್ದು ಕೇಳುತ್ತಿತ್ತು. ಒಂದು ಕ್ಷಣ ನಿಂತಿತು.

"ಸರ, ನಿಮ್ಮ ಖಾತಾ ಈ ಶಾಖೆದಾಗ ಇಲ್ಲ" ಎಂದರು ಬೀದರಿನವರು ಕನ್ನಡದಲ್ಲಿ. "ಫೋನ್ ಇಡ್ರಿ. ಗಿರಾಕಿ ಕಾಯ್ಲಾಕ್ಹತ್ತ್ಯಾರ."